ಸಾಹುಕಾರ ಹಾಡಿದ ಪದಗಳು

ಹಾಡು ಕೇಳುವುದು ಒಂದು ಸುಖವಾದರೆ ಅದರ ಅರ್ಥ ಬಿಡಿಸುತ್ತ ಕೂರುವುದು ಇನ್ನೊಂದು ಸುಖ. ಮೊದಲನೆಯದು ತಾನಾಗಿ ಕಿವಿಗೆ ಬೀಳುತ್ತದೆ. ಎರಡನೆಯದಕ್ಕೆ ಪುರಸೊತ್ತು ಬೇಕು, ಒಂದು ನೋಟ್‌ಬುಕ್ಕು ಬೇಕು, ಜೊತೆಗೆ ಕೂತು ವಾದ ಮಾಡುವವರು ಸಿಕ್ಕರಂತೂ ಹಬ್ಬ. ಬಿಡುವಾದಾಗಲೆಲ್ಲ ನಾನು ಹಚ್ಚಿಕೊಳ್ಳುವ ಕೆಲಸ ಇದೇ. ಅದರಲ್ಲೂ ದುಡ್ಡು, ಬಂಗಾರ, ಸಿರಿತನದ ಮಾತು ಬರುವ ದಾಸರ ಪದಗಳೆಂದರೆ ನನಗೆ ಬಿಡಲಾರದ ಮೋಹ.

ಕಾರಣವಿದೆ. ಅವನ್ನು ಕಟ್ಟಿದವರಿಗೆ ದುಡ್ಡಿನ ರುಚಿ ಚೆನ್ನಾಗಿ ಗೊತ್ತಿತ್ತು. ಪುರಂದರದಾಸರು ದಾಸರಾಗುವ ಮೊದಲು ಶ್ರೀನಿವಾಸ ನಾಯಕ ಎಂಬ ದೊಡ್ಡ ವರ್ತಕರಾಗಿದ್ದರು, ಜನ ಅವರನ್ನು ನವಕೋಟಿ ನಾರಾಯಣ ಎನ್ನುತ್ತಿದ್ದರು ಎಂದು ಪರಂಪರೆ ಹೇಳುತ್ತದೆ. ಹೆಂಡತಿಯ ಮೂಗುತಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ನನ್ನ ಕುತೂಹಲವೆಲ್ಲ ಆಮೇಲಿನದು. ಇದ್ದದ್ದನ್ನೆಲ್ಲ ಕೊಟ್ಟು, ವ್ಯಾಸರಾಯರಿಂದ ದೀಕ್ಷೆ ಪಡೆದು, ತಂಬೂರಿ ಹಿಡಿದು ಬೀದಿಗೆ ಇಳಿದ ಮೇಲೂ ವ್ಯಾಪಾರಿಯ ಕಣ್ಣು ಅವರನ್ನು ಬಿಟ್ಟು ಹೋಗಲಿಲ್ಲ. ಅಂಗಡಿ ಮುಚ್ಚಿದರು, ಅಂಗಡಿಯ ಮಾತನ್ನು ಮಾತ್ರ ಹಾಡಿಗೆ ತಂದರು.

ಕಲ್ಲುಸಕ್ಕರೆಯ ಪದವನ್ನೇ ನೋಡಿ. ದೇವರ ನಾಮ ಸಿಹಿ ಎಂದು ಹೇಳಲು ಯಾವ ಭಕ್ತನಾದರೂ ಸಕ್ಕರೆಯನ್ನು ನೆನೆದಾನು. ಆದರೆ ಎತ್ತಿನ ಮೇಲೆ ಹೇರುವ ತಾಪತ್ರಯ, ಗೋಣಿಗೆ ಒತ್ತಿ ತುಂಬುವ ಕಷ್ಟ, ದಾರಿಯಲ್ಲಿ ಕೊಡಬೇಕಾದ ಬಾಡಿಗೆ, ಸುಂಕ, ಸರಕಿಗೆ ಹತ್ತುವ ನಾತ, ಕಟ್ಟಿರುವೆ ತಿಂದು ತೂಕ ಇಳಿಯುವುದು, ಸಂತೆಯಿಂದ ಸಂತೆಗೆ ಅಲೆಯುವ ದಣಿವು, ಇವೆಲ್ಲ ಸಾಲಾಗಿ ನೆನಪಾಗಬೇಕಾದರೆ ಸರಕು ಸಾಗಿಸಿ ಗೊತ್ತಿರಬೇಕು. ತನ್ನ ಸರಕಿಗೆ ಈ ಯಾವ ತೊಂದರೆಯೂ ಇಲ್ಲ ಎಂದು ದಾಸರು ಹೇಳುತ್ತಾರೆ. ಇಲ್ಲ, ಇಲ್ಲ ಎನ್ನುತ್ತಲೇ ಆ ಕಾಲದ ವ್ಯಾಪಾರಿ ರಾತ್ರಿ ನಿದ್ದೆಗೆಟ್ಟು ಚಿಂತಿಸುತ್ತಿದ್ದ ಸಂಗತಿಗಳ ಪೂರಾ ಪಟ್ಟಿ ಕೊಟ್ಟುಬಿಡುತ್ತಾರೆ. ಆ ಕಟ್ಟಿರುವೆಯ ಮಾತು ಬಂದಾಗಲೆಲ್ಲ ನನಗೆ ಖುಷಿ ತಡೆಯಲಾಗುವುದಿಲ್ಲ. ಐದು ಶತಮಾನದ ಹಿಂದಿನ ಒಂದು ಉಗ್ರಾಣ ಕಣ್ಣೆದುರು ಬಂದು ನಿಲ್ಲುತ್ತದೆ.

ಹಣವನ್ನೇ ಎದುರು ನಿಲ್ಲಿಸಿ ಮಾತಾಡಿಸುವ ಇನ್ನೊಂದು ಪದವಿದೆ. ಅದರ ಸೊಗಸು ಇರುವುದು ಕಟ್ಟಿದ ರೀತಿಯಲ್ಲಿ. ಅದು ಸ್ತೋತ್ರದ ಕಟ್ಟು. ದೇವರ ಗುಣಗಳನ್ನು ಒಂದೊಂದಾಗಿ ಎಣಿಸಿ ಕೊಂಡಾಡುವ ಹಾಗೆಯೇ ಇಲ್ಲಿ ಹಣದ ಮಹಿಮೆಯ ಎಣಿಕೆ ನಡೆಯುತ್ತದೆ. ಬೆಲೆಯಿಲ್ಲದವನಿಗೆ ಬೆಲೆ ತರುತ್ತದೆ, ಕೂತಲ್ಲಿಗೇ ಎಲ್ಲ ವಸ್ತು ತರಿಸುತ್ತದೆ, ಮಂಗನಂತಿರುವವನನ್ನು ಮನ್ಮಥ ಅನ್ನಿಸುತ್ತದೆ, ಕಣ್ಣಿಲ್ಲದವನಿಗೂ ಹೆಣ್ಣು ಕೊಡಿಸುತ್ತದೆ. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತ ಬಂದರೆ ಗುಟ್ಟು ಹೊರಬೀಳುತ್ತದೆ: ತರಿಸು, ಕೊಡಿಸು, ಸೇರಿಸು, ಕೆಡಿಸು. ಹಣ ತಾನಾಗಿ ಏನನ್ನೂ ಮಾಡುವುದಿಲ್ಲ, ಎಲ್ಲವನ್ನೂ ಬೇರೆಯವರಿಂದ ಮಾಡಿಸುತ್ತದೆ. ಇಷ್ಟನ್ನೆಲ್ಲ ಮಾಡಿಸುವ ಆ ಹಣವಾದರೂ ಎಷ್ಟು ದೊಡ್ಡದು? ವಿಜಯನಗರದ ಕಾಲದಲ್ಲಿ ಹಣ ಎಂದರೆ ಒಂದು ನಾಣ್ಯವೂ ಹೌದು, ಕಿರುಬೆರಳ ಉಗುರಿನ ಮೇಲೆ ಕೂರುವಷ್ಟು ಪುಟ್ಟ ಚಿನ್ನದ ಬಿಲ್ಲೆ. ಊರನ್ನೇ ಕುಣಿಸುವ ಒಡೆಯ ಅಷ್ಟು ಸಣ್ಣವನು ಎಂದು ತಿಳಿದು ಆ ಪದವನ್ನು ಮತ್ತೆ ಹಾಡಿಕೊಂಡರೆ ಅದರ ಕಾವೇ ಬೇರೆ.

ಆ ಊರಿನ ಪೇಟೆ ಹೇಗಿತ್ತೆಂಬುದಕ್ಕೆ ಸಾಕ್ಷಿಯೂ ಇದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತು, ಬಟ್ಟೆಗಳನ್ನು ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆಗ ಪುರಂದರದಾಸರಿಗೆ ನಡುವಯಸ್ಸು. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದ ಎದುರಿನ ಬಜಾರು ಇವತ್ತಿಗೂ ಕಂಬಗಳ ಸಾಲಾಗಿ ಉಳಿದಿದೆ. ಅಲ್ಲಿಂದ ಹೊಳೆಯ ಕಡೆಗೆ ಇಳಿದರೆ ಪುರಂದರದಾಸರ ಮಂಟಪ. ಅಷ್ಟು ದೊಡ್ಡ ಪೇಟೆಗೆ ಅಷ್ಟು ಹತ್ತಿರ ನಿಂತು ಹಾಡಿದವರ ಪದ ಎಂದು ಓದಿದರೆ, ಪುಸ್ತಕದಲ್ಲಿ ಬರೀ ನೀತಿಪಾಠವಾಗಿ ಕಾಣುವ ಸಾಲಿಗೂ ಜನ ಗಿಜಿಗುಡುವ ಬೀದಿಯ ಸದ್ದು ಬರುತ್ತದೆ.

ಇಷ್ಟಾದ ಮೇಲೆ ಬರುತ್ತಾಳೆ ಭಾಗ್ಯದ ಲಕ್ಷ್ಮಿ. ಹಣವನ್ನು ಹಾಗೆ ತರಾಟೆಗೆ ತೆಗೆದುಕೊಂಡ ದಾಸರೇ ಬಂಗಾರದ ಮಳೆ ಸುರಿಸುವ ತಾಯಿಯನ್ನು ಬಾ ಎಂದು ಕರೆಯುವುದು ಹೇಗೆ? ನಮ್ಮ ಸೋದರತ್ತೆಯನ್ನು ಇದನ್ನೇ ಕೇಳಿದ್ದೆ. ಭಜನಾ ಮಂಡಳಿಯಲ್ಲಿ ಹಾಡಿ ಹಾಡಿ ಈ ಪದ ಅವರ ನಾಲಿಗೆಯಲ್ಲೇ ಮನೆ ಮಾಡಿತ್ತು.

“ಮಜ್ಜಿಗೆಯೊಳಗಿನ ಬೆಣ್ಣೆ ಥರ ಬಾ ಅಂತಾರಲ್ಲೋ ದಾಸರು, ಅದನ್ನು ಹಿಡ್ಕೋ. ಬೆಣ್ಣೆ ಕರೆದ್ರೆ ಬರುತ್ತೇನೋ? ಕಡೆದ್ರೆ ಬರುತ್ತೆ. ಅದೂ ಬಿಸಿಲೇರೋಕ್ಕೆ ಮೊದ್ಲೇ ಕಡೀಬೇಕು, ಇಲ್ದಿದ್ರೆ ಕೈಗೆ ಹತ್ತಲ್ಲ.”

“ಹಾಗಾದ್ರೆ ದುಡಿದು ತಂದ ಸಂಪತ್ತು ಅಂತ ಅರ್ಥನಾ ಅತ್ತೆ?”

“ದುಡಿದಿದ್ದು, ಮನೇಲೇ ಇದ್ದಿದ್ದು. ಹಾಲು ನಿನ್ನದೇ, ಹೆಪ್ಪು ನಿನ್ನದೇ. ಇನ್ನೊಬ್ಬರ ಮನೆಯಿಂದ ಬಂದಿದ್ದಲ್ಲ.”

ಈ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಕಡೆಗೋಲು ಹಿಡಿದ ಕೈಗೆ ಮಾತ್ರ ಹೊಳೆಯುವಂಥದು. ಅದನ್ನು ಹಿಡಿದು ಮುಂದೆ ಹೋದರೆ ಇಡೀ ಪದ ತೆರೆದುಕೊಳ್ಳುತ್ತದೆ. ಲಕ್ಷ್ಮಿ ಇಲ್ಲಿ ಗೆಜ್ಜೆ ಕಟ್ಟಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಡೆದು ಬರುವವಳು, ಪೂಜೆಯ ಹೊತ್ತಿಗೆ ಬರುವ ಮನೆಯ ಅತಿಥಿ. ಅವಳು ಬಂದಾಗ ಸಕ್ಕರೆ ತುಪ್ಪ ಕಾಲುವೆಯಾಗಿ ಹರಿಯುತ್ತದೆ. ಹರಿಯುವುದು ಒಬ್ಬರ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಆ ಪದದ ಹಣ ಜನರನ್ನು ಎಳೆದು ತರುತ್ತದೆ, ಈ ಪದದ ಸಿರಿ ತಾನೇ ನಡೆದು ಬಂದು ಹರಿದು ಹೋಗುತ್ತದೆ. ದಾಸರು ಸಂಪತ್ತನ್ನು ಬೈದವರಲ್ಲ, ಅದರ ನಡೆಯನ್ನು ಪರೀಕ್ಷೆ ಮಾಡಿದವರು ಎಂಬುದು ನನ್ನ ದೃಢವಾದ ನಂಬಿಕೆ.

ಹಾಡುವವರೂ ಅರ್ಥ ಹೇಳುತ್ತಾರೆ. ಕರ್ನಾಟಕ ಸಂಗೀತದವರು ಇದನ್ನು ಹೆಚ್ಚಾಗಿ ಹಾಡುವುದು ಮಧ್ಯಮಾವತಿಯಲ್ಲಿ. ಕಚೇರಿಯ ಕೊನೆಯ ಮಂಗಳಕ್ಕೆ ಒದಗುವ ರಾಗ ಅದು. ಅಲ್ಲಿ ಲಕ್ಷ್ಮಿ ನಿಧಾನವಾಗಿ, ತೃಪ್ತಿಯಿಂದ ಒಳಗೆ ಬರುತ್ತಾಳೆ. ಗದಗದ ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿದರೆ ಕರೆ ಜೋರಾಗುತ್ತದೆ, ಬಾಗಿಲಲ್ಲಿ ನಿಂತು ಹಟ ಹಿಡಿದು ಕೂಗಿದಂತೆ. ಪದ ಒಂದೇ, ಕರೆಯುವ ಮನಸ್ಸು ಬೇರೆ.

ಕನಕದಾಸರದು ಇನ್ನೊಂದೇ ನೋಟ. ಎಲ್ಲರೂ ದುಡಿಯುವುದು ಹೊಟ್ಟೆ ಬಟ್ಟೆಗಾಗಿಯೇ ಎನ್ನುವ ಅವರ ಪದದಲ್ಲಿ ವೇದ ಓದುವವನು, ಕತ್ತಿ ಹಿಡಿದ ಭಟ, ದಾರಿಯಲ್ಲಿ ಹೊಂಚು ಹಾಕುವ ಕಳ್ಳ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದಂಡಿನಲ್ಲಿದ್ದು ಬಂದವರೆಂದು ಹೆಸರಾದ ಕನಕರಿಗೆ ಕಾಣುವುದು ಮಾರುಕಟ್ಟೆಯಲ್ಲ, ಹಸಿವು.

ಈ ಹವ್ಯಾಸ ಹಿಡಿಸಿದವರಿಗೆ ನಾನು ಹೇಳುವುದಿಷ್ಟು. ಪದವನ್ನು ಕೈಯಾರೆ ಬರೆದುಕೊಳ್ಳಿ. ಬಾಯಿಂದ ಬಾಯಿಗೆ ಬಂದ ಹಾಡುಗಳಾದ್ದರಿಂದ ಪುಸ್ತಕದಿಂದ ಪುಸ್ತಕಕ್ಕೆ ಪಾಠ ಬದಲಾಗುತ್ತದೆ, ಎರಡು ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಹಾಡುತ್ತಿರುವವರು ಯಾರು, ಯಾರಿಗೆ ಹಾಡುತ್ತಿದ್ದಾರೆ, ದುಡ್ಡು ಇಲ್ಲಿ ಏನು ಮಾಡುತ್ತಿದೆ ಎಂದು ಕೇಳಿ. ಪುಷ್ಯ ಬಹುಳ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತದೆ. ಆವತ್ತು ಲಕ್ಷ್ಮಿಯನ್ನು ಕರೆಯುವ ಪದವನ್ನೂ ಹಣವನ್ನು ಝಾಡಿಸುವ ಪದವನ್ನೂ ಒಟ್ಟಿಗೇ ಹಾಡಿ. ಒಂದನ್ನು ಹಾಡಿ ಇನ್ನೊಂದನ್ನು ಬಿಟ್ಟರೆ ಖಾತೆ ಪುಸ್ತಕದಲ್ಲಿ ಜಮೆಯ ಪುಟ ಮಾತ್ರ ಓದಿದಂತಾಗುತ್ತದೆ. ದಾಸರು ಲೆಕ್ಕ ಬಲ್ಲವರು, ಎರಡು ಕಡೆಯನ್ನೂ ಬರೆದೇ ಹೋಗಿದ್ದಾರೆ.