ಕೊರತೆಯಿಲ್ಲದ ಕೊರತೆ

ಹಸಿವಿಗೆ ಒಂದು ಮಿತಿಯುಂಟು. ಉಂಡೊಡನೆ ಅದು ಶಾಂತವಾಗುತ್ತದೆ. ಹಸಿವಿನ ಭಯಕ್ಕಾದರೋ ಅಂತಹ ಮಿತಿಯಿಲ್ಲ. ತುಂಬಿದ ಕಣಜವನ್ನು ಕಂಡೂ ಅದು ‘ಇನ್ನಷ್ಟಿರಲಿ’ ಎನ್ನುತ್ತದೆ. ಸಾಮಾನ್ಯ ದಿನಗಳಲ್ಲಿ ಈ ಭಯ ಮನದ ಮೂಲೆಯಲ್ಲಿ ಅಡಗಿರುತ್ತದೆ. ಆಪತ್ತು ಬಂದಾಗ ಬೀದಿಗಿಳಿಯುತ್ತದೆ. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅದು ಲೋಕದ ಅನೇಕ ದೇಶಗಳ ಬೀದಿಗಳಲ್ಲಿ ಒಟ್ಟಿಗೇ ಕಾಣಿಸಿಕೊಂಡಿತು.

ಕೊರೋನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಕರ್ನಾಟಕದ ಕಲಬುರಗಿಯಿಂದ ವರದಿಯಾದದ್ದು ಆ ತಿಂಗಳ 12ರಂದು. ಮುಂದೆ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು ದೇಶವನ್ನುದ್ದೇಶಿಸಿ ಮಾತನಾಡಿ, ಅಂದಿನ ಮಧ್ಯರಾತ್ರಿಯಿಂದಲೇ 21 ದಿನಗಳ ಕಾಲ ಎಲ್ಲರೂ ಮನೆಯಲ್ಲಿಯೇ ಇರಬೇಕೆಂದು ಸಾರಿದರು. ಜನರಿಗೆ ದೊರೆತ ಅವಧಿ ನಾಲ್ಕು ತಾಸು ಮಾತ್ರ. ಊರೂರುಗಳಲ್ಲಿ ಕಿರಾಣಿ ಅಂಗಡಿಗಳ ಮುಂದೆ, ಔಷಧದ ಅಂಗಡಿಗಳ ಮುಂದೆ ಜನಸಂದಣಿ ನೆರೆಯಿತು. ಒಬ್ಬರಿಂದೊಬ್ಬರು ದೂರವಿರಬೇಕೆಂದು ಕೇಳಿದ ಕಿವಿಗಳೇ ಒಂದಕ್ಕೊಂದು ತಾಗುವಂತೆ ಜನ ಒತ್ತೊತ್ತಾಗಿ ನಿಂತರು. ರೋಗದಿಂದ ಪಾರಾಗುವ ಆತುರದಲ್ಲಿ ರೋಗವನ್ನೇ ಆಹ್ವಾನಿಸಿದಂತಾಯಿತು.

ಅದಕ್ಕೆ ಮೊದಲೇ ಮುಖಗವಸು ಮತ್ತು ಸ್ಯಾನಿಟೈಸರ್ ಅಂಗಡಿಗಳಿಂದ ಕಣ್ಮರೆಯಾಗಿ, ಅವುಗಳ ಬೆಲೆ ಗಗನಕ್ಕೇರಿತ್ತು. ಕೇಂದ್ರ ಸರ್ಕಾರವು ಮಾರ್ಚ್ 13ರಂದು ಇವೆರಡನ್ನೂ 1955ರ ಅಗತ್ಯ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ತಂದಿತು. 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ, ಮೂರು ಪದರದ ಮುಖಗವಸಿಗೆ 10 ರೂಪಾಯಿ ಎಂದು ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಈ ಎರಡು ವಸ್ತುಗಳ ಕೊರತೆ ನಿಜವಾದುದು; ಅದುವರೆಗೆ ಕೆಲವರಿಗೆ ಮಾತ್ರ ಬೇಕಾಗಿದ್ದುದು ಒಮ್ಮೆಲೇ ಎಲ್ಲರಿಗೂ ಬೇಕಾಗಿತ್ತು.

ಆದರೆ ಅಕ್ಕಿ, ಗೋಧಿಗಳ ಸ್ಥಿತಿ ಹಾಗಿರಲಿಲ್ಲ. ಆ ವರ್ಷದ ಏಪ್ರಿಲ್ 1ರಂದು ಕೇಂದ್ರದ ಉಗ್ರಾಣಗಳಲ್ಲಿ ನಿಯಮದಂತೆ ಇರಬೇಕಾಗಿದ್ದ ದಾಸ್ತಾನು ಸುಮಾರು 2.1 ಕೋಟಿ ಟನ್. ಇದ್ದುದು ಅದರ ಎರಡು ಪಟ್ಟಿಗೂ ಅಧಿಕ. ದೇಶದಲ್ಲಿ ಧಾನ್ಯ ತುಂಬಿ ತುಳುಕುತ್ತಿರಲು ಅಂಗಡಿಯ ಹಲಗೆ ಬರಿದಾದದ್ದೇಕೆ?

ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯೂ ಬಿಡಿಸಬಲ್ಲ ಒಂದು ಲೆಕ್ಕದಲ್ಲಿ ಇದಕ್ಕೆ ಉತ್ತರವಿದೆ. ಒಂದು ಓಣಿಯಲ್ಲಿ 100 ಮನೆಗಳು. ಪ್ರತಿ ಮನೆಗೂ ವಾರಕ್ಕೊಂದು ಪೊಟ್ಟಣ ತೊಗರಿಬೇಳೆ ಬೇಕು. ಅಂಗಡಿಯವನು ವಾರಕ್ಕೆ 110 ಪೊಟ್ಟಣಗಳನ್ನು ತರಿಸುತ್ತಾನೆ. ಎಲ್ಲರಿಗೂ ಸಾಕಾಗಿ ಹತ್ತು ಮಿಗುತ್ತವೆ. ಮೊದಲು ಬಂದ 55 ಮನೆಯವರು ‘ಇರಲಿ’ ಎಂದು ಒಂದರ ಬದಲು ಎರಡನ್ನು ಒಯ್ದರೆ, ಉಳಿದ 45 ಮನೆಯವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇಲ್ಲಿ ಮೂಟೆಗಟ್ಟಲೆ ಬಚ್ಚಿಟ್ಟವನು ಒಬ್ಬನೂ ಇಲ್ಲ. ಕದ್ದವನಂತೂ ಇಲ್ಲವೇ ಇಲ್ಲ. ಆದರೂ ಓಣಿಯ ಅರ್ಧದಷ್ಟು ಒಲೆಗಳ ಮೇಲೆ ಬೇಳೆಯಿಲ್ಲ. ಬರಿಗೈಯಲ್ಲಿ ಮರಳಿದವರು ಮುಂದಿನ ವಾರ ನಸುಕಿನಲ್ಲೇ ಬಂದು ಮೂರು ಪೊಟ್ಟಣ ಕೇಳುತ್ತಾರೆ. ಸುಳ್ಳಾಗಿದ್ದ ವದಂತಿ ಹೀಗೆ ನಿಜವಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಷ್ಟು ಹಿಂದೆಯೇ ಇಂತಹ ಸಂಗತಿಯನ್ನು ವಿವರಿಸಿದ್ದರು. ಸುಭದ್ರವಾಗಿದ್ದ ಬ್ಯಾಂಕೊಂದು, ಮುಳುಗಲಿದೆಯೆಂಬ ಗಾಳಿಮಾತನ್ನು ನಂಬಿ ಜನ ಹಣ ಹಿಂಪಡೆದ ಕಾರಣದಿಂದಲೇ ಮುಳುಗಿಹೋಗುವುದು ಅವರು ಕೊಟ್ಟ ದೃಷ್ಟಾಂತ.

ಈ ಲೆಕ್ಕ ಕೇವಲ ಕಲ್ಪನೆಯದಲ್ಲ. ಅದೇ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳೂ ಬರಿದಾಗಿದ್ದವು. ಅಲ್ಲಿನ ಮಾರುಕಟ್ಟೆಯನ್ನು ಅಭ್ಯಸಿಸಿದ ಕಾಂಟಾರ್ ಸಂಸ್ಥೆಯ ಪ್ರಕಾರ, ದ್ರವಸಾಬೂನು ಕೊಂಡವರಲ್ಲಿ ಅಸಾಧಾರಣ ಪ್ರಮಾಣದಲ್ಲಿ ಕೊಂಡವರು ನೂರಕ್ಕೆ 6 ಜನ. ಒಣ ಪಾಸ್ತಾ ಕೊಂಡವರಲ್ಲಿ ನೂರಕ್ಕೆ 3 ಜನ ಮಾತ್ರ. ಉಳಿದವರು ಕೆಲವು ವಸ್ತುಗಳನ್ನು ಹೆಚ್ಚಾಗಿ ಸೇರಿಸಿಕೊಂಡು, ಅಂಗಡಿಗೆ ಒಂದೆರಡು ಸಲ ಹೆಚ್ಚು ಹೋಗಿದ್ದರಷ್ಟೆ. ಹಿಟ್ಟಿನ ಗಿರಣಿಗಳು ಅಲ್ಲಿ ಹಗಲಿರುಳು ನಡೆದವು, ಹಿಟ್ಟಿಗೆ ಬರವಿರಲಿಲ್ಲ. ಆದರೆ ಆ ಹಿಟ್ಟಿನ ಬಹುಭಾಗ ದೊಡ್ಡ ಚೀಲಗಳಲ್ಲಿಯೋ ಟ್ಯಾಂಕರುಗಳಲ್ಲಿಯೋ ಬೇಕರಿ ಮತ್ತು ಕಾರ್ಖಾನೆಗಳಿಗೆ ಹೋಗತಕ್ಕದ್ದು. ಅಂಗಡಿಯಲ್ಲಿ ಮಾರುವ ಸಣ್ಣ ಚೀಲಗಳ ಪಾಲು ನೂರಕ್ಕೆ 4ರಷ್ಟು ಮಾತ್ರ. ಬೇಡಿಕೆ ಏರಿದಷ್ಟು ವೇಗವಾಗಿ ಸಣ್ಣ ಚೀಲಗಳನ್ನು ತುಂಬಲು ಯಂತ್ರಗಳಿಗೆ ಸಾಧ್ಯವಾಗಲಿಲ್ಲ.

ಭಾರತದಲ್ಲಿ ತೊಡಕು ಇನ್ನೊಂದು ಬಗೆಯದು. ಮೊದಲ ವಾರದಲ್ಲಿ ಸರಕಿನ ಲಾರಿಗಳು ಗಡಿಗಳಲ್ಲಿ ನಿಂತವು; ಮೂಟೆ ಇಳಿಸುವ ಹಮಾಲರು ಮಾರುಕಟ್ಟೆಗೆ ಬರಲಾಗಲಿಲ್ಲ. ಅಗತ್ಯ, ಅನಗತ್ಯವೆಂಬ ಭೇದವಿಲ್ಲದೆ ಎಲ್ಲ ಸರಕುಗಳ ಸಾಗಾಟಕ್ಕೂ ಅವಕಾಶವಿದೆಯೆಂದು ಕೇಂದ್ರ ಗೃಹಖಾತೆ ಸ್ಪಷ್ಟಪಡಿಸಿದ್ದು ಮಾರ್ಚ್ 29ರಂದು. ಕರ್ನಾಟಕದಲ್ಲಿ ಒಂದೆಡೆ ರೈತನ ಟೊಮೆಟೊ ಹೊಲದಲ್ಲೇ ಕೊಳೆಯುತ್ತಿರಲು, ಮತ್ತೊಂದೆಡೆ ಪಟ್ಟಣದ ಗೃಹಿಣಿ ತರಕಾರಿಯ ಗಾಡಿಗಾಗಿ ದಾರಿ ಕಾಯುತ್ತಿದ್ದಳು.

ಹಾಗಾದರೆ ಕೂಡಿಡುವುದೇ ತಪ್ಪೆ? ಖಂಡಿತ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಭೂಮಿಯಲ್ಲಿ ತೋಡಿದ ಆ ಕಣಜಕ್ಕೆ ಹುಲ್ಲು ಹೊದಿಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದು ಬರಗಾಲದ ನೆನಪಿನಿಂದ ಹುಟ್ಟಿದ ವಿವೇಕ. ಹಗೇವು ತುಂಬುತ್ತಿದ್ದುದು ಸುಗ್ಗಿಯಲ್ಲಿ, ಕಣದಲ್ಲಿ ರಾಶಿ ಬಿದ್ದಿರುವಾಗ. ಆ ಹೊತ್ತಿನಲ್ಲಿ ಒಬ್ಬನು ತೆಗೆದಿಟ್ಟರೆ ಇನ್ನೊಬ್ಬನ ಪಾಲು ಕಡಿಮೆಯಾಗುತ್ತಿರಲಿಲ್ಲ. ಭೀತಿಯಿಂದ ಕೊಳ್ಳುವವನಾದರೋ ಅಂಗಡಿ ಬರಿದಾಗುತ್ತಿರುವ ಗಳಿಗೆಯಲ್ಲಿಯೇ ಚೀಲ ತುಂಬುತ್ತಾನೆ. ಇಬ್ಬರ ಮನೆಯಲ್ಲೂ ಇರುವುದು ಅದೇ ಕಾಳು; ಆದರೆ ಒಂದು ಮುಂದಾಲೋಚನೆ, ಇನ್ನೊಂದು ಪರರ ಪಾಲು. ಎರಡನ್ನೂ ಬೇರ್ಪಡಿಸುವುದು ಕಾಲವೊಂದೇ.

ಈ ಪಾಲನ್ನು ಕಳೆದುಕೊಳ್ಳುವವರು ಯಾರೆಂಬುದನ್ನೂ ವಿಚಾರಿಸಬೇಕು. ಕೂಡಿಡಲು ಕೈಯಲ್ಲಿ ಹಣವಿರಬೇಕು, ಮನೆಯಲ್ಲಿ ಸ್ಥಳವಿರಬೇಕು. ತಿಂಗಳ ಸಂಬಳದವನು ತಿಂಗಳ ಸಾಮಾನಿನ ಚೀಟಿ ಬರೆಯಬಲ್ಲ. ಆಪತ್ತಿನಲ್ಲಿ ಎರಡು ತಿಂಗಳ ಚೀಟಿಯನ್ನೂ ಬರೆಯಬಲ್ಲ. ದಿನಗೂಲಿಯವನಿಗೆ ಚೀಟಿಯೇ ಇಲ್ಲ. ಸಂಜೆಯ ಕೂಲಿ ಕೈಸೇರಿದ ಮೇಲೆ ಅಂದಿನ ಅಕ್ಕಿ, ಅಂದಿನ ಎಣ್ಣೆ ಕೊಳ್ಳುವುದು ಅವನ ರೀತಿ. ಅವನು ಅಂಗಡಿಗೆ ಬರುವ ಹೊತ್ತಿಗೆ ಹಲಗೆ ಬರಿದಾಗಿರುತ್ತದೆ, ಇಲ್ಲವೆ ಬೆಲೆ ಏರಿರುತ್ತದೆ. ರೋಗಿಗಳ ಆರೈಕೆ ಮುಗಿಸಿ ತಡವಾಗಿ ಬರುವ ದಾದಿಯ ಪಾಡೂ ಇದೇ. ಆಪತ್ತಿನಲ್ಲಿ ಯಾರ ದುಡಿಮೆಯನ್ನು ಸಮಾಜ ನೆಚ್ಚಿಕೊಂಡಿರುತ್ತದೋ ಅವರಿಗೇ ಕೊನೆಯ ಪಾಲು ಸಲ್ಲುವುದು ವಿಷಾದದ ಸಂಗತಿ.

ಭಯವನ್ನು ಬೈಗುಳದಿಂದ ಓಡಿಸಲಾಗದು. ‘ಗಾಬರಿ ಬೇಡ’ ಎಂಬ ಬರಿಯ ಮಾತು ಗಾಬರಿಯನ್ನು ಹೆಚ್ಚಿಸುವುದೂ ಉಂಟು. ಕಣ್ಣಿಗೆ ಕಾಣುವ ವ್ಯವಸ್ಥೆಯೇ ಭಯಕ್ಕೆ ಮದ್ದು. ಮಾರ್ಚ್ 26ರಂದು ಕೇಂದ್ರ ಸರ್ಕಾರವು ಸುಮಾರು 80 ಕೋಟಿ ಜನರಿಗೆ ತಲಾ 5 ಕಿಲೋ ಧಾನ್ಯವನ್ನು ಮೂರು ತಿಂಗಳ ಕಾಲ ಉಚಿತವಾಗಿ ಕೊಡುವುದಾಗಿ ಘೋಷಿಸಿತು. ಉಗ್ರಾಣದಲ್ಲಿದ್ದ ಧಾನ್ಯ ನ್ಯಾಯಬೆಲೆ ಅಂಗಡಿಗೆ ಬಂದಾಗಲೇ ಅದು ಜನರ ಪಾಲಿಗೆ ಧೈರ್ಯವಾಯಿತು. ‘ಮನೆಗೊಂದೇ ಪೊಟ್ಟಣ’ ಎಂದು ಪಟ್ಟುಹಿಡಿದ ಅಂಗಡಿಕಾರನೂ ಇದೇ ಕಾರ್ಯವನ್ನು ತನ್ನ ಅಳವಿನಲ್ಲಿ ನಡೆಸಿದನು. ಪರಿಚಯದ ಗಿರಾಕಿಯ ಮುನಿಸನ್ನು ತಾಳಿಕೊಂಡು ಅವನು ಎತ್ತಿಟ್ಟ ಪೊಟ್ಟಣವೊಂದು, ಸಂಜೆ ತಡವಾಗಿ ಬಂದ ಕೂಲಿಯವನ ಮನೆಯ ಒಲೆಯನ್ನು ಉರಿಸಿರಬಹುದು.

ಮಕ್ಕಳಿಗೆ ಭಾಗಾಕಾರವನ್ನು ಕಲಿಸುವ ಉಪಾಧ್ಯಾಯರು ಆ ಓಣಿಯ ಲೆಕ್ಕವನ್ನೂ ಕಲಿಸುವುದು ಲೇಸು. ನೂರು ಮನೆಗಳಿಗೆ ನೂರ ಹತ್ತು ಪೊಟ್ಟಣಗಳು ಸಾಕೆ ಎಂಬ ಪ್ರಶ್ನೆಗೆ ಗಣಿತ ‘ಸಾಕು’ ಎನ್ನುತ್ತದೆ. ಆ ಉತ್ತರ ಓಣಿಯಲ್ಲಿಯೂ ಸರಿಯಾಗಬೇಕಾದರೆ, ಮೊದಲು ಬಂದವನು ತನ್ನ ಹಿಂದೆ ಇನ್ನೂ ಬರಬೇಕಾದವರಿದ್ದಾರೆಂಬುದನ್ನು ಮರೆಯದಿರಬೇಕು.