ಆಯ್ಲರನ ಭಾಗಾಕಾರ

ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ 2147483647. ಇನ್ನೂರ ಹದಿನಾಲ್ಕು ಕೋಟಿ ದಾಟಿದ ಅವಿಭಾಜ್ಯ ಸಂಖ್ಯೆ. ಬಿಡುವಾದಾಗ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಇದರ ಜೊತೆ ಕೂರುವುದೆಂದರೆ ನನಗೆ ಬಲು ಇಷ್ಟ. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ.

ಇದು ಅವಿಭಾಜ್ಯವೆಂದು ಲಿಯೊನಾರ್ಡ್ ಆಯ್ಲರ್ ತಿಳಿಸಿದ್ದು 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಿಂದ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಈ ಸಂಖ್ಯೆಯ ವರ್ಗಮೂಲ 46,340ರ ಆಚೀಚೆ. ಅಲ್ಲಿಯವರೆಗಿನ ಯಾವ ಅವಿಭಾಜ್ಯವೂ ಇದನ್ನು ಭಾಗಿಸದಿದ್ದರೆ ಸಾಕು. ಆದರೆ ಅಂಥವು ಸುಮಾರು 4,800 ಇವೆ! ಆಯ್ಲರ್ ಭಾಗಿಸುವ ಮೊದಲು ಯೋಚಿಸಿದ.

ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅನ್ನಿ. ಆಗ 2ರ 31ನೇ ಘಾತವನ್ನು ಅದರಿಂದ ಭಾಗಿಸಿದರೆ ಶೇಷ 1. ಆ ಭಾಜಕದಲ್ಲಿ ಒಂದು ಕಳೆದು, 2ಕ್ಕೆ ಅಷ್ಟೇ ಘಾತ ಕೊಟ್ಟರೂ ಶೇಷ 1 ಎನ್ನುತ್ತದೆ ಫರ್ಮಾನ ಪ್ರಮೇಯ. 31 ತಾನೇ ಅವಿಭಾಜ್ಯ. ಹಾಗಾಗಿ ಎರಡನೆಯ ಘಾತ 31ರ ಅಪವರ್ತ್ಯವಾಗಲೇಬೇಕು. ಭಾಜಕ ಬೆಸ, ಆದ್ದರಿಂದ ಅದು 62ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. ಇನ್ನೊಂದು ಕಟ್ಟೂ ಇದೆ. 65,536ರ ವರ್ಗ 2ರ 32ನೇ ಘಾತ. ಅದರ ಶೇಷ 2. ವರ್ಗವೊಂದು ಹೀಗೆ 2 ಉಳಿಸುವುದು, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಲ್ಲಿ ಮಾತ್ರ. ಎರಡೂ ಸೇರಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಸುವವಷ್ಟೇ ಕಣದಲ್ಲಿ ಉಳಿಯುತ್ತವೆ. ಮೊರದಲ್ಲಿ ಕೇರಿದಂತೆ ಜೊಳ್ಳೆಲ್ಲ ಹಾರಿಹೋಗಿ, ನೂರರೊಳಗೇ ಕಾಳು! ಎಷ್ಟು ಸಲ ಬರೆದರೂ ಇಲ್ಲಿಗೆ ಬಂದಾಗ ನನ್ನ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ.

ಈ ಸಂಖ್ಯೆಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಹುಡುಕಲಾರರು, ಇಂಥವುಗಳಿಂದ ಉಪಯೋಗವಿಲ್ಲ ಎಂದು 1811ರಲ್ಲಿ ಪೀಟರ್ ಬಾರ್ಲೋ ಬರೆದ. ಜನ ಹುಡುಕಿದರು. 1876ರಲ್ಲಿ ಲ್ಯೂಕಾ ಹೊಸ ಪರೀಕ್ಷೆಯೊಂದರಿಂದ 39 ಅಂಕಿಗಳ ಅವಿಭಾಜ್ಯವನ್ನು ತಲುಪಿದ. 2024ರಲ್ಲಿ ಸಿಕ್ಕಿದ್ದಕ್ಕೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿ. ಉಪಯೋಗವೂ ಬಂತು: 32 ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಇಟ್ಟುಕೊಳ್ಳುವ ಕಂಪ್ಯೂಟರಿಗೆ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಇದೇ 2147483647.

ದಾಖಲೆಯ ಆ ದೈತ್ಯನ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಭಾಗಿಸಲು ಕೂರುವಂತಿಲ್ಲ. ನನಗೆ ರುಚಿಸುವುದು ಮಗ್ಗಿ ಗುನುಗುತ್ತ ಮಾಡುವ ಉದ್ದ ಭಾಗಾಕಾರ. ಪಟ್ಟಿಯ ಮೊದಲ ಅವಿಭಾಜ್ಯ 311. ಭಾಗಲಬ್ಧ 69,05,092, ಶೇಷ 35. ಆಮೇಲೆ 497, 559, 745 ಎಂದು ಬರುವವೆಲ್ಲ ಒಡೆಯುವ ಸಂಖ್ಯೆಗಳೇ, 1303ರವರೆಗೆ ಒಂದೂ ಅವಿಭಾಜ್ಯವಿಲ್ಲ. ಅಲ್ಲಿ ಶೇಷ 226. ಮುಂದಿನದು 1489, ಅದೂ ಒಳಗೆ ಬಿಡದು, 199 ಉಳಿಸುತ್ತದೆ.