ತಾಪಸವೇಷದ ಉಪಗ್ರಹ

ಸಂಡೂರಿನ ಕಣಿವೆಯನ್ನು ಕಂಡವರು ಅದರ ಗುಟ್ಟನ್ನು ಬಲ್ಲರು. ಸುತ್ತಲೂ ಕೆಮ್ಮಣ್ಣಿನ ಬೆಟ್ಟಸಾಲು. ನಡುವೆ ನಾರಿಹಳ್ಳವು ಕೊರೆದ ಓಬಳಗಂಡಿ, ಭೀಮಗಂಡಿಗಳೆಂಬ ಎರಡು ಇಕ್ಕಟ್ಟಾದ ಬಾಗಿಲುಗಳು. ಹಂಪೆಯ ಮಾತಂಗಪರ್ವತವನ್ನೇರಿ ನಿಂತವನಿಗೆ ತುಂಗಭದ್ರೆಯ ತಿರುವು, ಕಂಪ್ಲಿಯ ಕಡೆಯ ಹಸುರು ಬಯಲು, ಹೊಸಪೇಟೆಯಾಚೆ ನೀಲಿಗಟ್ಟಿದ ಬೆಟ್ಟಗಳು ಕಾಣುವುವು. ಆದರೆ ಆ ಬೆಟ್ಟಗಳ ಹಿಂದಣ ಕಣಿವೆಯಲ್ಲಿ ರಾತ್ರಿ ನೂರು ಪಂಜುಗಳು ಉರಿದರೂ ಅವನಿಗೆ ತಿಳಿಯದು. ಬೆಟ್ಟದ ಅಡ್ಡಿಯಿಲ್ಲದಿದ್ದರೂ ಭೂಮಿಯ ಗುಂಡುತನವೇ ಅಡ್ಡಬರುವುದು. ಸಮತಟ್ಟಾದ ನೆಲದಿಂದ 100 ಮೀಟರು ಮೇಲೆ ನಿಂತರೆ ದಿಗಂತವು ಸುಮಾರು 36 ಕಿಲೋಮೀಟರಿಗೆ ಮುಗಿಯಿತು. ಅದೇ 800 ಕಿಲೋಮೀಟರು ಮೇಲೇರಿದವನಿಗೆ ದಿಗಂತವು 3000 ಕಿಲೋಮೀಟರು ದೂರ ಸರಿಯುವುದು. ಅವನೆದುರಿನಲ್ಲಿ ಯಾವ ಕಣಿವೆಗೂ ಬೆಟ್ಟದ ಮರೆಯೆಂಬುದಿಲ್ಲ.

ಈ ಸರಳವಾದ ಲೆಕ್ಕವೇ ನಾನಿಲ್ಲಿ ಹೇಳಹೊರಟಿರುವ ಗೋಲದ ಹುಟ್ಟಿಗೆ ಮೂಲ. 1950ರ ದಶಕದಲ್ಲಿ ಸೋವಿಯೆತ್ ದೇಶದ ಒಳನಾಡಿನಲ್ಲಿ ಎಲ್ಲೆಲ್ಲಿ ರೇಡಾರುಗಳಿವೆ, ಅವುಗಳ ಬಲವೆಷ್ಟು ಎಂಬುದನ್ನು ಅರಿಯಲು ಅಮೆರಿಕೆಯವರು ತವಕಪಡುತ್ತಿದ್ದರು. ರೇಡಾರಿನ ಅಲೆಯು ಪಂಜಿನ ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಹೋಗತಕ್ಕದ್ದು; ಭೂಮಿಯ ಬೆನ್ನನ್ನು ತಬ್ಬಿ ಬಳಸಿ ಬರುವುದಿಲ್ಲ. ಗಡಿಯ ಅಂಚಿನಲ್ಲಿ ವಿಮಾನ ಹಾರಿಸಿದರೆ ಕೆಲವು ನೂರು ಮೈಲಿಗಳ ಒಳಗಿನದು ಮಾತ್ರ ಕೇಳಿಬರುತ್ತಿದ್ದಿತು. ಆದರೆ ನೆಲವನ್ನು ಬಿಟ್ಟ ಆ ಅಲೆ ಆಕಾಶಕ್ಕೆ ಹೋಗಿಯೇ ಹೋಗುವುದಷ್ಟೆ! ಅಲ್ಲಿ ಒಂದು ಕಿವಿಯನ್ನಿಟ್ಟರೆ ಹೇಗೆ? ಅಮೆರಿಕೆಯ ನೌಕಾದಳದ ಸಂಶೋಧನಾಲಯದಲ್ಲಿ ರೀಡ್ ಮೇಯೊ ಎಂಬ ಎಂಜಿನಿಯರು ಜಲಾಂತರ್ಗಾಮಿ ಹಡಗಿನ ದರ್ಶಕನಳಿಗೆಗೆ ಇಂಥ ಕಿವಿಯೊಂದನ್ನು ಜೋಡಿಸಿದ್ದನು. 1958ರಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಪೆನ್ಸಿಲ್ವೇನಿಯದ ಉಪಾಹಾರಗೃಹವೊಂದರಲ್ಲಿ ಹೆಂಡತಿಮಕ್ಕಳೊಡನೆ ತಂಗಿದ್ದಾಗ, ಊಟದ ಮೇಜಿನ ಮೇಲಣ ಕಾಗದದ ಹಾಸಿನ ಬೆನ್ನ ಮೇಲೆ ಲೆಕ್ಕ ಹಾಕಿ, ಆ ಯಂತ್ರವು ಅಂತರಿಕ್ಷದಿಂದಲೂ ಕೇಳಬಲ್ಲುದೆಂದು ಕಂಡುಕೊಂಡನಂತೆ.

ಹೀಗೆ ಸಿದ್ಧವಾದ ಗೋಲವು ನಮ್ಮ ಬಚ್ಚಲುಮನೆಯ ಹಂಡೆಗಿಂತ ದೊಡ್ಡದೇನಲ್ಲ. ಅಡ್ಡಳತೆ 51 ಸೆಂಟಿಮೀಟರು. ತೂಕ ಸುಮಾರು 19 ಕಿಲೋಗ್ರಾಂ. 1960ನೆಯ ಇಸವಿ ಜೂನ್ 22ರಂದು ಟ್ರಾನ್ಸಿಟ್ ಎಂಬ ಹಿರಿಯ ಉಪಗ್ರಹದ ತಲೆಯ ಮೇಲೆ ಕುಳಿತು ಅದು ಮೇಲೇರಿತು. ಸೋವಿಯೆತ್ ರೇಡಾರಿನ ಅಲೆ ತಾಗಿದೊಡನೆಯೇ ಅದನ್ನು ಬೇರೆ ಅಲೆಯಾಗಿ ಮಾರ್ಪಡಿಸಿ ಕೆಳಕ್ಕೆ ಕಳುಹಿಸುವುದು. ಹೊರದೇಶಗಳಲ್ಲಿ ಕಟ್ಟಿದ್ದ ಚಿಕ್ಕ ಗುಡಿಸಿಲುಗಳಲ್ಲಿ ಕುಳಿತವರು ಅದನ್ನು ಕಾಂತಪಟ್ಟಿಯ ಮೇಲೆ ಹಿಡಿದಿಡುವರು. ತಾನಾಗಿ ಏನನ್ನೂ ತಿಳಿಯದು, ಕೇಳಿದ್ದನ್ನು ಒಪ್ಪಿಸುವುದಷ್ಟೆ. ಯೋಜನೆಗೆ ಮೊದಲು ಇಟ್ಟಿದ್ದ ಗುಪ್ತನಾಮದ ಅರ್ಥವೂ ‘ಚಾಡಿಕೋರ’ ಎಂದೇ! ಆ ಮೇ 1ರಂದು ಅಮೆರಿಕೆಯ ಯು-2 ಬೇಹುವಿಮಾನವನ್ನು ಸೋವಿಯೆತ್ತಿನವರು ಹೊಡೆದುರುಳಿಸಿ ಚಾಲಕನನ್ನು ಸೆರೆಹಿಡಿದಿದ್ದರು. ಅಧ್ಯಕ್ಷ ಐಸೆನ್‌ಹೋವರ್ ಅಂಜಿಕೆಯಿಂದಲೇ ಈ ಗೋಲಕ್ಕೆ ಒಪ್ಪಿಗೆಯಿತ್ತನು. ಮೊದಲ ಗೋಲವು ಆಲಿಸಿದ್ದು ಒಟ್ಟು 22 ಸಲ ಮಾತ್ರ.

ಲೋಕಕ್ಕೆ ಹೇಳಿದ್ದಾದರೋ ಬೇರೆ: ಸೂರ್ಯನ ಕಿರಣಗಳನ್ನು ಅಳೆಯತಕ್ಕ ವಿಜ್ಞಾನೋಪಕರಣವಿದು ಎಂದು. ಇದನ್ನೋದಿದಾಗ ನನಗೆ ನೆನಪಾದದ್ದು ಕೌಟಿಲ್ಯನು. ಆತನ ಅರ್ಥಶಾಸ್ತ್ರದ ತಾಳೆಗರಿಗಳನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಗೂಢಚಾರರ ಬಗೆಗಳನ್ನು ಹೇಳುವಾಗ ತಾಪಸವೇಷದವನೊಬ್ಬನು ಬರುತ್ತಾನೆ. ಊರ ಹೊರಗೆ ಶಿಷ್ಯರೊಡನೆ ನೆಲಸಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿ ಜವೆಯನ್ನು ಎಲ್ಲರೆದುರು ತಿನ್ನುವುದು. ಗುಟ್ಟಾಗಿ ಬೇಕಾದುದನ್ನು ಉಣ್ಣುವುದು. ಬಂದವರ ಮಾತನ್ನು ಆಲಿಸುವುದು. ನಮ್ಮ ಗೋಲವೂ ಈ ಜಾತಿಯದೇ ಸರಿ.

ಆದರೆ ಒಂದು ತೊಡಕುಂಟು. ಈ ತಾಪಸನು ತಪಸ್ಸನ್ನೂ ನಿಜವಾಗಿ ಮಾಡಿದನು! ಗೋಲದೊಳಗಿದ್ದ ಸೂರ್ಯಮಾಪಕಗಳು ಹುಸಿಯಲ್ಲ. ಸೂರ್ಯನ ಕ್ಷಕಿರಣಗಳನ್ನು ಅವು ಅಳೆದುವು. ಹಗಲುಹೊತ್ತಿನಲ್ಲಿ ದೂರದ ಬಾನುಲಿಗಳು ಥಟ್ಟನೆ ಅಡಗಿಹೋಗುವುದಕ್ಕೆ ಸೂರ್ಯನಲ್ಲಿ ಉಕ್ಕುವ ಆ ಕಿರಣಗಳೇ ಕಾರಣವೆಂದು ತೋರಿಸಿದುವು.

ನಮ್ಮ ತಂದೆಯವರು ಹೊಸಪೇಟೆಯಲ್ಲಿ ಉಪಾಧ್ಯಾಯರಾಗಿದ್ದರು. ಪತ್ರಿಕೆಗಳಲ್ಲಿ ಕಂಡ ಹೊಸ ವಿಷಯಗಳನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುವುದು ಅವರ ವಾಡಿಕೆ. 1960ರ ಪುಟದಲ್ಲಿ ಅವರ ದುಂಡಕ್ಷರದಲ್ಲಿ ಹೀಗಿದೆ: ಒಂದೇ ರಾಕೆಟ್ಟಿನಿಂದ ಎರಡು ಉಪಗ್ರಹಗಳು, ಕಿರಿಯದು ಸೂರ್ಯನನ್ನು ನೋಡಲು. ಮನೆಯ ಕವಾಟದ ಬಾನುಲಿಯಲ್ಲಿ ಸಿಲೋನಿನ ಹಾಡು ನಡುಹಗಲಿನಲ್ಲಿ ಕುಗ್ಗಿದಾಗಲೆಲ್ಲ ಪೆಟ್ಟಿಗೆಯ ತಲೆಗೆ ತಟ್ಟುವ ಬದಲು, “ಸೂರ್ಯನಾರಾಯಣ ಮುನಿದನಪ್ಪಾ” ಎಂದು ನಕ್ಕು ಸುಮ್ಮನಾಗುತ್ತಿದ್ದರು. ತರಗತಿಯ ಮಕ್ಕಳಿಗೂ ಕಾರಣವನ್ನು ವಿವರಿಸುತ್ತಿದ್ದರು. ಅಮೆರಿಕೆಯವರು ಗೋಲದ ಗುಟ್ಟನ್ನು ಬಿಚ್ಚಿದ್ದು 1998ರಲ್ಲಿ; ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಹನ್ನೊಂದು ವರ್ಷವಾಗಿದ್ದಿತು. ಅವರು ಬರೆದ ಸಾಲಿನಲ್ಲಿ ಅಳಿಸಬೇಕಾದ ಅಕ್ಷರ ಒಂದೂ ಇಲ್ಲ. ಆದರೂ ಅದನ್ನೋದುವಾಗ ನನಗೆ ಸಂಕಟವಾಗುವುದು. ಸುಳ್ಳನ್ನು ಹೇಳಿ ಮೋಸಮಾಡಿದರೆ ಸಿಟ್ಟಾಗಬಹುದು. ಸತ್ಯವನ್ನೇ ಹೇಳಿ ಮರೆಮಾಡಿದರೆ ಯಾರ ಮೇಲೆ ಸಿಟ್ಟಾಗುವುದು?

ಗೋಲದಿಂದ ಬಂದ ಫಲವೇನು ಕಿರಿದಲ್ಲ. ಕ್ಷಿಪಣಿಗಳನ್ನು ತಡೆಯುವುದಕ್ಕೆ ನೆರವಾಗಬಲ್ಲ ರೇಡಾರು ಸೋವಿಯೆತ್ತಿನವರಲ್ಲಿ ಆಗಲೇ ಇದೆಯೆಂಬುದು ತಿಳಿದುಬಂದಿತು. ಬಾಂಬು ವಿಮಾನಗಳು ಯಾವ ದಾರಿ ಹಿಡಿಯಬೇಕೆಂಬ ಎಣಿಕೆಗೂ ಈ ಅರಿವು ಒದಗಿತು. ಅದೇ ವರ್ಷ ನವೆಂಬರ್ 30ರಂದು ಹಾರಿಸಿದ ಇನ್ನೊಂದು ಗೋಲವು ರಾಕೆಟ್ಟು ಕೆಟ್ಟು ಮೇಲೇರಲೇ ಇಲ್ಲ; ರಾಕೆಟ್ಟಿನ ಚೂರುಗಳು ಕ್ಯೂಬಾದ ಮೇಲೆ ಬಿದ್ದು ಹಸುವೊಂದು ಸತ್ತಿತೆಂದು ಆ ದೇಶದವರು ದೂರಿದರು. ಪಾಪ, ಎರಡು ಮಹಾರಾಷ್ಟ್ರಗಳ ಜಗಳದಲ್ಲಿ ಆ ಗೋಮಾತೆಯ ಪಾಲೇನು!

ರಾಜ್ಯಕ್ಕೆ ಗುಟ್ಟು ಬೇಡವೆಂದು ನಾನು ಹೇಳಲಾರೆ. ಸುತ್ತ ಹಗೆಗಳಿರುವಾಗ ಬೆಟ್ಟದ ಮೇಲೆ ಕಾವಲುಗಾರನನ್ನು ನಿಲ್ಲಿಸದ ಅರಸನುಂಟೆ? ಆದರೆ ಮೌನವೇ ಬೇರೆ, ವೇಷವೇ ಬೇರೆ. ಮೌನಿಯು ನನ್ನಿಂದ ಏನನ್ನೂ ಕಸಿಯಲಿಲ್ಲ. ವೇಷಧಾರಿಯು ಮಾತ್ರ ನಿಜವಾದ ತಾಪಸರೆಲ್ಲರ ಮಾನವನ್ನು ಸಾಲ ತಂದು ಖರ್ಚುಮಾಡುತ್ತಾನೆ. ಒಬ್ಬನ ವೇಷ ಬಯಲಾದ ಮೇಲೆ ಊರಿನವರು ಯಾವ ಜಟಾಧಾರಿಗೂ ಮನಬಿಚ್ಚಿ ಭಿಕ್ಷೆ ನೀಡರು. ಬೆಂಗಳೂರಿನ ಪೀಣ್ಯದ ಕೊಟ್ಟಿಗೆಗಳಲ್ಲಿ ಉಡುಪಿಯ ಕಡೆಯ ಯು. ಆರ್. ರಾಯರು ಮತ್ತು ಅವರ ಸಂಗಡಿಗರು ಕಟ್ಟಿದ, 1975ನೆಯ ಏಪ್ರಿಲ್ 19ರಂದು ಮೇಲೇರಿದ 360 ಕಿಲೋಗ್ರಾಮಿನ ‘ಆರ್ಯಭಟ’ವೂ ಕ್ಷಕಿರಣಗಳನ್ನೂ ಸೂರ್ಯನನ್ನೂ ಅರಸಿ ಹೋದದ್ದೇ. ಹೇಳಿದ್ದಿಷ್ಟು, ಮಾಡಹೊರಟದ್ದೂ ಅಷ್ಟೇ. ವಿದ್ಯುತ್ತು ಕೈಕೊಟ್ಟು ನಾಲ್ಕೈದು ದಿನಗಳಲ್ಲಿ ಅದರ ಪ್ರಯೋಗಗಳು ನಿಂತುಹೋದುದನ್ನೂ ಮರೆಮಾಚಲಿಲ್ಲ. ಇಂಥ ಸಾಧುವನ್ನು ಕಂಡು ಪರದೇಶದ ಯಾವನಾದರೂ “ಇದರ ಜೋಳಿಗೆಯಲ್ಲಿ ಇನ್ನೇನಿದೆಯೋ” ಎಂದು ಶಂಕಿಸಿದ್ದರೆ ಆ ಶಂಕೆಗೆ ಬೀಜ ಬಿತ್ತಿದವರು ಯಾರು?

2019ನೆಯ ಏಪ್ರಿಲ್ 1ರಂದು ನಮ್ಮ ದೇಶವೂ ಶ್ರೀಹರಿಕೋಟೆಯಿಂದ ಅಂಥದೊಂದು ಕಿವಿಯನ್ನು ಮೇಲೇರಿಸಿತು. ಹೆಸರು ‘ಎಮಿಸ್ಯಾಟ್’, ತೂಕ 436 ಕಿಲೋಗ್ರಾಂ, ಎತ್ತರ 748 ಕಿಲೋಮೀಟರು. ಅದರೊಳಗಣ ಆಲಿಸುವ ಉಪಕರಣದ ಯೋಜನೆಗೆ ‘ಕೌಟಿಲ್ಯ’ ಎಂದೇ ಹೆಸರಿಟ್ಟಿದ್ದರೆಂದು ಪತ್ರಿಕೆಗಳಲ್ಲಿ ಓದಿ ನಕ್ಕೆನು. ಇಸ್ರೋದವರ ಪ್ರಕಟಣೆಯಲ್ಲಿ ಅದರ ಕೆಲಸಕ್ಕೆ ಮೀಸಲಾದುದು ಒಂದೇ ಸಾಲು: ವಿದ್ಯುತ್ಕಾಂತ ವರ್ಣಪಟಲವನ್ನು ಅಳೆಯುವುದಕ್ಕೆ, ಎಂದು. ಸೂರ್ಯನ ಹೆಸರೆತ್ತಲಿಲ್ಲ, ನಕ್ಷತ್ರಗಳ ಹೆಸರೆತ್ತಲಿಲ್ಲ. ಹೇಳಬಹುದಾದಷ್ಟನ್ನು ಹೇಳಿ ಬಾಯಿ ಮುಚ್ಚಿಕೊಂಡರು. ಅದರೊಡನೆ ಹೋದ ಕಿರಿಯ ಉಪಗ್ರಹಗಳು 28. ಅಮೆರಿಕೆಯವು 24, ಲಿಥುವೇನಿಯದವು 2, ಸ್ಪೇನಿನದು 1, ಸ್ವಿಟ್ಸರ್ಲೆಂಡಿನದು 1, ಎಂದು ಅವುಗಳ ಲೆಕ್ಕವನ್ನೂ ಕೊಟ್ಟಿದ್ದರು. ತಂದೆಯವರ ಪುಸ್ತಕದಲ್ಲಿ ಖಾಲಿ ಹಾಳೆಗಳು ಇನ್ನೂ ಉಳಿದಿದ್ದುವು. ಅವುಗಳಲ್ಲೊಂದರಲ್ಲಿ ಆ ಒಂದು ಸಾಲನ್ನು, ಒಂದಕ್ಷರವನ್ನೂ ಕೂಡಿಸದೆ, ಬರೆದಿಟ್ಟೆನು.